ಇಲಿ ತಲೆಗೂ ಹೆಲ್ಮೆಟ್ ಐತೆ!

ಪ್ರೋಟೀನ್ ಮದ್ದು ಇಲಿಯನ್ನು ಉಳಿಸಿತು. ಮನುಷ್ಯನ ಸರದಿ ಬಂದಾಗ ಆದದ್ದೇನು?

ಕೊಳ್ಳೇಗಾಲ, ಹನೂರು, ಯಳಂದೂರು. ಈ ಮೂರು ಊರಿನ ಅಂಗಡಿ ಕಟ್ಟೆಗಳ ಮೇಲೆ ತಲೆಗೆ ಪೆಟ್ಟು ಬಿದ್ದವರ ಸುದ್ದಿ ಇಲ್ಲದ ವಾರವಿಲ್ಲ. ಮಾದಪ್ಪನ ಬೆಟ್ಟದ ತಿರುವಿನಲ್ಲಿ ಬೈಕು ಜಾರಿದವರು, ಯಳಂದೂರು ಹೆದ್ದಾರಿಯಲ್ಲಿ ಲಾರಿಯನ್ನು ಹಿಂದೆ ಹಾಕಲು ಹೋದವರು, ತೆಂಗಿನ ಮರದಿಂದ ಬಿದ್ದವರು, ಹುಣಸೆಹಣ್ಣು ಬಡಿಯಲು ಹತ್ತಿ ಕೊಂಬೆ ಸಮೇತ ಕೆಳಗೆ ಬಂದವರು. ಕೈ ಮುರಿದರೆ ಕಟ್ಟು ಹಾಕುವವರು ಅಕ್ಕಪಕ್ಕದಲ್ಲೇ ಸಿಗುತ್ತಾರೆ. ತಲೆ ಅಂದಕೂಡಲೇ ಮಾತ್ರ ಎಲ್ಲರ ಬಾಯಲ್ಲೂ ಒಂದೇ ಮಾತು: "ಮೈಸೂರಿಗೆ ಎತ್ತಾಕ್ಕೊಂಡು ಹೋಗಿ!"

ಮೈಸೂರು ಕೊಳ್ಳೇಗಾಲದಿಂದ ಸುಮಾರು 60 ಕಿಲೋಮೀಟರ್. ಹನೂರಿನವರಿಗೆ ಅದಕ್ಕೆ ಮೊದಲೇ ಇನ್ನೊಂದು 25 ಕಿಲೋಮೀಟರ್ ದಾರಿ. ಬೆಟ್ಟದ ಮೇಲಿನವರ ಪಾಡು ಕೇಳುವುದೇ ಬೇಡ. ಹೀಗಿರುವಾಗ "ಇಲಿಗೆ ಪ್ರೋಟೀನ್ ಇಂಜೆಕ್ಷನ್, ಜಜ್ಜಿದ ಮಿದುಳು ವಾಸಿ" ಅಂತ ಮೊಬೈಲಿನಲ್ಲಿ ಒಂದು ಸುದ್ದಿ ಬಂದರೆ ಸಾಕು, ಆಸ್ಪತ್ರೆ ಬೆಂಚಿನ ಮೇಲೆ ಕೂತ ಅಪ್ಪ ಅಮ್ಮನ ಎದೆಯಲ್ಲಿ ಆಸೆ ಚಿಗುರುತ್ತದೆ. ಆ ಇಂಜೆಕ್ಷನ್ ಎಲ್ಲಿ ಸಿಗುತ್ತೆ? ಎಷ್ಟಾಗುತ್ತೆ? ಗದ್ದೆ ಅಡ ಇಟ್ಟರೆ ಆಗುತ್ತಾ?

ಗದ್ದೆ ಪತ್ರ ಪೆಟ್ಟಿಗೆಯಿಂದ ಹೊರಗೆ ತೆಗೆಯುವ ಮುಂಚೆ ಆ ಇಲಿಯ ಕಥೆಯನ್ನು ಪೂರ್ತಿ ಕೇಳುವುದು ಒಳ್ಳೆಯದು.

ಏಟು ಒಂದಲ್ಲ, ಎರಡು

ತಲೆಗೆ ಬೀಳುವ ಪೆಟ್ಟಿನಲ್ಲಿ ಎರಡು ಏಟುಗಳಿವೆ ಎನ್ನುತ್ತಾರೆ ಮಿದುಳು ವೈದ್ಯರು. ಮೊದಲನೆಯದು ಟಾರು ರಸ್ತೆ ಕೊಡುವ ಏಟು. ತಲೆ ನಿಂತರೂ ಒಳಗಿನ ಮಿದುಳು ನಿಲ್ಲುವುದಿಲ್ಲ. ಬುರುಡೆಯ ಗೋಡೆಗೆ ಬಡಿಯುತ್ತದೆ, ಎಳೆಗಳು ಜಗ್ಗಿ ಹರಿಯುತ್ತವೆ. ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಗುವ ಕೆಲಸ ಅದು. ಅದನ್ನು ಹಿಂದಕ್ಕೆ ತಿರುಗಿಸುವ ಮದ್ದು ಜಗತ್ತಿನ ಯಾವ ಆಸ್ಪತ್ರೆಯಲ್ಲೂ ಇಲ್ಲ.

ಎರಡನೆಯದು ಮಿದುಳು ತನಗೆ ತಾನೇ ಕೊಟ್ಟುಕೊಳ್ಳುವ ಏಟು. ಗಂಟೆಗಟ್ಟಲೆ, ದಿನಗಟ್ಟಲೆ ನಡೆಯುತ್ತದೆ. ಗಾಯವಾದ ಜಾಗ ಊದಿಕೊಳ್ಳುತ್ತದೆ. ಸತ್ತ ಜೀವಕೋಶಗಳಿಂದ ಚೆಲ್ಲಿದ ರಸಾಯನಗಳು ಪಕ್ಕದ ಒಳ್ಳೆಯ ಜೀವಕೋಶಗಳನ್ನೂ ಸುಡುತ್ತವೆ. ಒಂದು ಕೊಳೆತ ಟೊಮೆಟೊ ಬುಟ್ಟಿಯನ್ನೇ ಕೆಡಿಸಿದ ಹಾಗೆ. ಕೈ ಕಾಲಾದರೆ ಊದಿಕೊಳ್ಳಲು ಜಾಗವಿದೆ. ಬುರುಡೆ ಗಟ್ಟಿ ಡಬ್ಬಿ. ಒಳಗೆ ಊತ ಹೆಚ್ಚಿದಷ್ಟೂ ರಕ್ತ ಹರಿಯುವ ದಾರಿ ಮುಚ್ಚುತ್ತದೆ.

ವಿಜ್ಞಾನಿಗಳು ಹಿಡಿಯಲು ಹೊರಟಿರುವುದು ಈ ಎರಡನೇ ಏಟನ್ನು. ಅದಕ್ಕೆ ಅವರು ಹುಡುಕಿದ ಅಸ್ತ್ರಗಳಲ್ಲಿ ಒಂದು ಪ್ರೋಟೀನ್. ಮೊಟ್ಟೆ, ಬೇಳೆ, ಮೆಡಿಕಲ್ ಸ್ಟೋರಿನ ಡಬ್ಬದ ಪುಡಿ ಅಲ್ಲ ಸ್ವಾಮಿ ಇದು! ಆ ಪುಡಿ ತಿಂದರೆ ಹೊಟ್ಟೆಯಲ್ಲಿ ಅರಗಿ ಹೋಗುತ್ತದೆ. ಇಲ್ಲಿ ಪ್ರೋಟೀನ್ ಅಂದರೆ ದೇಹವೇ ತಯಾರಿಸಿ ಒಂದು ಅಂಗದಿಂದ ಇನ್ನೊಂದಕ್ಕೆ ಕಳಿಸುವ ಸಂದೇಶ. "ಬೆಳೆ", "ಸಾಯಬೇಡ", "ರಿಪೇರಿ ಶುರುಮಾಡು" ಅಂತ ಜೀವಕೋಶಕ್ಕೆ ಹೇಳುವ ಟಪಾಲು. ನರಗಳನ್ನು ಬೆಳೆಸುವ ಇಂಥ ಒಂದು ಪ್ರೋಟೀನನ್ನು ಪತ್ತೆಮಾಡಿದ್ದಕ್ಕೇ 1986ರಲ್ಲಿ ಇಟಲಿಯ ರೀಟಾ ಲೆವಿ ಮೊಂಟಾಲ್ಚಿನಿ ಎಂಬ ಹೆಣ್ಣುಮಗಳಿಗೂ ಅಮೆರಿಕದ ಸ್ಟಾನ್ಲಿ ಕೊಹೆನ್ ಅವರಿಗೂ ನೊಬೆಲ್ ಬಹುಮಾನ ಬಂತು.

450 ಗ್ರಾಂ ಹಿತ್ತಾಳೆ, 2 ಮೀಟರ್ ಎತ್ತರ

ಮದ್ದು ಪರೀಕ್ಷೆ ಮಾಡಬೇಕಾದರೆ ಮೊದಲು ಪೆಟ್ಟು ಬೇಕು. ಪೆಟ್ಟೂ ಅಳತೆಯದಾಗಿರಬೇಕು. ಒಂದಕ್ಕೆ ಜೋರು, ಇನ್ನೊಂದಕ್ಕೆ ಮೆಲ್ಲಗೆ ಬಿದ್ದರೆ ಗುಣವಾದದ್ದು ಮದ್ದಿನಿಂದಲೋ ಅದೃಷ್ಟದಿಂದಲೋ ತಿಳಿಯುವುದಿಲ್ಲ.

ಅಮೆರಿಕದ ವರ್ಜೀನಿಯಾದಲ್ಲಿ ಆಂಟನಿ ಮಾರ್ಮರೂ ಎಂಬ ಸಂಶೋಧಕ ಮತ್ತು ಅವರ ಜೊತೆಗಾರರು 1994ರಲ್ಲಿ ಒಂದು ವಿಧಾನ ಪ್ರಕಟಿಸಿದರು. ಪ್ರಯೋಗಶಾಲೆಯ ಇಲಿಗೆ ಅರಿವಳಿಕೆ ಕೊಟ್ಟು ಮೆತ್ತನೆಯ ಸ್ಪಂಜಿನ ಮೇಲೆ ಮಲಗಿಸುತ್ತಾರೆ. ಮೇಲೆ ನೆಟ್ಟಗೆ ಒಂದು ಕೊಳವೆ. ಅದರೊಳಗಿಂದ 450 ಗ್ರಾಂ ಹಿತ್ತಾಳೆ ತೂಕವನ್ನು 2 ಮೀಟರ್ ಎತ್ತರದಿಂದ ಬಿಡುತ್ತಾರೆ. ದಿನಸಿ ಅಂಗಡಿಯವರಿಗೆ ಬೇರೆ ಹೇಳಬೇಕಾಗಿಲ್ಲ: ಅರ್ಧ ಕೆಜಿಗೆ 50 ಗ್ರಾಂ ಕಮ್ಮಿ, ಆರೂವರೆ ಅಡಿ ಮೇಲಿಂದ.

ಈಗ ಗಮನವಿಟ್ಟು ಓದಿ. ಹಾಗೆ ಬಿಟ್ಟರೆ ಇಲಿಯ ಬುರುಡೆ ಒಡೆದು ಪರೀಕ್ಷೆಯೇ ಹಾಳು. ಆದ್ದರಿಂದ ತೂಕ ಬೀಳುವ ಜಾಗದಲ್ಲಿ, ಬುರುಡೆಯ ಮೇಲೆ, ಸ್ಟೀಲಿನ ಒಂದು ಪುಟ್ಟ ಬಿಲ್ಲೆಯನ್ನು ಅಂಟಿಸುತ್ತಾರೆ. ಪೆಟ್ಟು ಹಂಚಿಹೋಗಿ ಬುರುಡೆ ಉಳಿಯುತ್ತದೆ. ವಿಜ್ಞಾನಿಗಳೇ ಅದನ್ನು ಹೆಲ್ಮೆಟ್ ಎಂದು ಕರೆಯುತ್ತಾರೆ. ಪೆಟ್ಟು ತಿನ್ನಲೆಂದೇ ಸಾಕಿದ ಇಲಿಗೂ ಹೆಲ್ಮೆಟ್ ಐತೆ! ಹೆಲ್ಮೆಟ್ಟನ್ನು ಕನ್ನಡಿಗೆ ನೇತುಹಾಕಿಕೊಂಡು ಬೆಟ್ಟ ಹತ್ತುವ ಮನುಷ್ಯನಿಗೆ ಇಲ್ಲ.

ಪೆಟ್ಟು ಬಿದ್ದ ಮೇಲೆ ಇಲಿಗಳನ್ನು ಎರಡು ಗುಂಪು ಮಾಡುತ್ತಾರೆ. ಒಂದಕ್ಕೆ ಪ್ರೋಟೀನ್, ಇನ್ನೊಂದಕ್ಕೆ ಬರೀ ಉಪ್ಪುನೀರು. ಯಾವ ಇಲಿಗೆ ಯಾವುದು ಅನ್ನುವುದು ಅಳತೆ ತೆಗೆಯುವವನಿಗೆ ಗೊತ್ತಿರಬಾರದು. ಮೂಟೆಯ ಮೇಲಿನ ಹೆಸರು ನೋಡದೆ ಅಕ್ಕಿ ಪರೀಕ್ಷೆ ಮಾಡಿದ ಹಾಗೆ. ಹೆಸರು ನೋಡಿದರೆ ನಾಲಿಗೆಯೂ ಪಕ್ಷ ವಹಿಸುತ್ತದೆ. ಕೆಲವು ದಿನ ಬಿಟ್ಟು ಇಲಿಯನ್ನು ನೀರಿನ ತೊಟ್ಟಿಗೆ ಬಿಡುತ್ತಾರೆ. ಕದಡಿದ ನೀರಿನಡಿ ಎಲ್ಲೋ ಒಂದು ಕಡೆ ನಿಲ್ಲಲು ಮೆಟ್ಟಿಲಿದೆ, ಕಣ್ಣಿಗೆ ಕಾಣದು. ನೆನಪಿರುವ ಇಲಿ ನೇರ ಅಲ್ಲಿಗೇ ಈಜುತ್ತದೆ. ಮಿದುಳು ಕೆಟ್ಟ ಇಲಿ ಸುತ್ತುತ್ತಲೇ ಇರುತ್ತದೆ, ಕೊಳ್ಳೇಗಾಲ ಬಸ್ ಸ್ಟಾಂಡಿನಲ್ಲಿ ತನ್ನೂರಿನ ಬಸ್ಸು ಎಲ್ಲಿ ನಿಲ್ಲುತ್ತದೆ ಎಂಬುದನ್ನೇ ಮರೆತವರ ಹಾಗೆ. ಬ್ರಿಟನ್ನಿನ ರಿಚರ್ಡ್ ಮಾರಿಸ್ 1981ರಲ್ಲಿ ತೋರಿಸಿಕೊಟ್ಟ ಪರೀಕ್ಷೆ ಇದು, ಇವತ್ತಿಗೂ ನಡೆಯುತ್ತಿದೆ.

ಡಯಾಲಿಸಿಸ್ ಇಂಜೆಕ್ಷನ್ ಮಿದುಳಿಗೆ ಹೊರಟಿತು

ಹಾಗಾದರೆ ಮದ್ದು ಗೆದ್ದಿತೋ? ಇಲಿಯ ಮಟ್ಟಿಗೆ ಗೆದ್ದಿತು. ಒಂದು ಪ್ರೋಟೀನಿನ ಕಥೆಯನ್ನು ಬುಡದಿಂದ ತುದಿವರೆಗೆ ನೋಡಿದರೆ ಉಳಿದವುಗಳ ದಾರಿಯೂ ಅರ್ಥವಾಗುತ್ತದೆ.

ಅದರ ಹೆಸರು ಎರಿತ್ರೋಪೊಯೆಟಿನ್. ಕಿಡ್ನಿ ತಯಾರಿಸುವ ಪ್ರೋಟೀನ್. ಕೆಂಪು ರಕ್ತಕಣ ಹೆಚ್ಚಿಸುವುದು ಅದರ ಉದ್ಯೋಗ. ಕಿಡ್ನಿ ಕೆಟ್ಟು ಡಯಾಲಿಸಿಸ್ ಮಾಡಿಸಿಕೊಳ್ಳುವವರ ಮನೆಯವರಿಗೆ ಈ ಇಂಜೆಕ್ಷನ್ ಪರಿಚಯದ್ದೇ. 2000ದಲ್ಲಿ ಅಮೆರಿಕದ ವಿಜ್ಞಾನಿಗಳು ಒಂದು ಸಂಗತಿ ಹೊರಗೆ ತಂದರು. ಸಾಮಾನ್ಯವಾಗಿ ರಕ್ತದಲ್ಲಿರುವ ದೊಡ್ಡ ಪ್ರೋಟೀನುಗಳನ್ನು ಮಿದುಳು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮಿದುಳಿನ ರಕ್ತನಾಳಗಳಿಗೆ ಚೆಕ್‌ಪೋಸ್ಟಿನಂಥ ಬಿಗಿ ಕಾವಲಿದೆ. ಎರಿತ್ರೋಪೊಯೆಟಿನ್ ಮಾತ್ರ ಆ ಕಾವಲನ್ನು ದಾಟಿ, ಪೆಟ್ಟು ತಿಂದ ಸುಂಡಿಲಿಗಳ ಮಿದುಳಿನ ಹಾನಿಯನ್ನು ತಗ್ಗಿಸಿತು ಎಂದರು ಅವರು. ಆಮೇಲೆ ಅಮೆರಿಕದ ಡೆಟ್ರಾಯಿಟ್ ನಗರದ ಹೆನ್ರಿ ಫೋರ್ಡ್ ಆಸ್ಪತ್ರೆಯ ತಂಡ ಇಲಿಗಳ ಮೇಲೆ ಪರೀಕ್ಷೆ ನಡೆಸಿತು. ಪೆಟ್ಟು ಬಿದ್ದು ಒಂದು ದಿನ ಕಳೆದ ಮೇಲೆ ಶುರುಮಾಡಿದರೂ ತೊಟ್ಟಿಯ ಪರೀಕ್ಷೆಯಲ್ಲಿ ಇಲಿಗಳ ನೆನಪು ಸುಧಾರಿಸಿತು ಎಂದು 2005ರಲ್ಲಿ ವರದಿಯಾಯಿತು.

ಒಂದು ದಿನ ತಡವಾದರೂ ಕೆಲಸ ಮಾಡುವ ಮದ್ದು! ಹನೂರಿನಂಥ ದೂರದ ಊರಿಗೆ ಇದಕ್ಕಿಂತ ಬೇಕೇ?

ಆಮೇಲೆ ಮನುಷ್ಯರ ಸರದಿ. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ತಲೆಗೆ ತೀವ್ರ ಪೆಟ್ಟಾದ 200 ಮಂದಿಯನ್ನು ಪರೀಕ್ಷೆಗೆ ತೆಗೆದುಕೊಂಡರು. 2014ರಲ್ಲಿ ಲೆಕ್ಕ ಹೊರಬಿತ್ತು: ಆರು ತಿಂಗಳ ನಂತರ ನೋಡಿದರೆ ಪ್ರೋಟೀನ್ ಕೊಟ್ಟವರ ಸ್ಥಿತಿ ಕೊಡದವರಿಗಿಂತ ಮೇಲಾಗಿರಲಿಲ್ಲ. ಇನ್ನೂ ದೊಡ್ಡ ಪರೀಕ್ಷೆ ಆಸ್ಟ್ರೇಲಿಯಾದ ಮುಂದಾಳತ್ವದಲ್ಲಿ 7 ದೇಶಗಳಲ್ಲಿ ನಡೆಯಿತು, 606 ಮಂದಿ. 2015ರಲ್ಲಿ ಬಂದ ಉತ್ತರ: ಸತ್ತವರು ಮತ್ತು ತೀವ್ರ ಅಂಗವೈಕಲ್ಯಕ್ಕೆ ಒಳಗಾದವರು ಸೇರಿ ಮದ್ದು ಸಿಕ್ಕ ಗುಂಪಿನಲ್ಲಿ ಶೇ. 44, ಸಿಗದ ಗುಂಪಿನಲ್ಲಿ ಶೇ. 45. ವ್ಯತ್ಯಾಸ ಇಲ್ಲವೆಂದೇ ಲೆಕ್ಕ. ಸಾವನ್ನು ಮಾತ್ರ ಬೇರೆ ಎಣಿಸಿದರೆ ಮದ್ದಿನ ಕಡೆ ಶೇ. 11, ಈಚೆ ಕಡೆ ಶೇ. 16. ಆದರೆ ಅಷ್ಟು ಕಮ್ಮಿ ಜನರಲ್ಲಿ ಈ ಅಂತರ ಆಕಸ್ಮಿಕವೂ ಇರಬಹುದು ಎಂದು ಪರೀಕ್ಷೆ ಮಾಡಿದವರೇ ಒಪ್ಪಿಕೊಂಡರು. ಅದನ್ನು ಗಟ್ಟಿಮಾಡಿಕೊಳ್ಳಲು ಮತ್ತೂ ದೊಡ್ಡ ಪರೀಕ್ಷೆ ಕೈಗೆತ್ತಿಕೊಳ್ಳಬೇಕಾಯಿತು.

ಇಲಿಗೆ ಬಸ್ಸು ಕಾಯುವ ಕೆಲಸವಿಲ್ಲ

ಇಲಿಗೆ ಹಿಡಿದ ಮದ್ದು ಮನುಷ್ಯನಿಗೆ ಯಾಕೆ ಹಿಡಿಯಲಿಲ್ಲ? ಒಂದೇ ಕಾರಣವಲ್ಲ. ಇಲಿಯ ಮಿದುಳು ಸುಮಾರು 2 ಗ್ರಾಂ, ಮನುಷ್ಯನದು ಒಂದು ಕೆಜಿ ಮೇಲೆ ಮುನ್ನೂರು ನಾನ್ನೂರು ಗ್ರಾಂ. ಇಲಿಯದು ನುಣುಪು, ನಮ್ಮದು ಮಡಿಕೆ ಮಡಿಕೆ. ಪ್ರಯೋಗದ ಇಲಿಗಳಿಗೆ ಒಂದೇ ವಯಸ್ಸು, ಒಂದೇ ತಳಿ, ಒಂದೇ ಊಟ, ಅಳೆದು ಕೊಟ್ಟ ಪೆಟ್ಟು. ರಸ್ತೆಯಲ್ಲಿ ಬಿದ್ದವನಿಗೆ ಸಕ್ಕರೆ ಕಾಯಿಲೆ ಇರಬಹುದು, ಬಿ.ಪಿ. ಇರಬಹುದು, ತೊಡೆ ಮುರಿದು ಅರ್ಧ ರಕ್ತ ಹೋಗಿರಬಹುದು, ಒಳಗೆ ಎಣ್ಣೆ ಇರಬಹುದು.

ಎಲ್ಲಕ್ಕಿಂತ ದೊಡ್ಡದು ಹೊತ್ತು. ಪೆಟ್ಟು ಬಿದ್ದ ಗಳಿಗೆಯಲ್ಲೇ ಇಲಿಯ ಪಕ್ಕದಲ್ಲಿ ಅರಿವಳಿಕೆ ಕೊಡುವವನಿದ್ದಾನೆ, ಸಿರಿಂಜು ಹಿಡಿದವನಿದ್ದಾನೆ. ಗಡಿಯಾರ ನೋಡಿ ಸೂಜಿ ಹಾಕುತ್ತಾರೆ. ಇಲಿಗೆ ಬಸ್ಸು ಕಾಯುವ ಕೆಲಸವಿಲ್ಲ. ಇಲ್ಲಿ ಬಿದ್ದವನನ್ನು ಮೊದಲು ಯಾರಾದರೂ ನೋಡಬೇಕು. ನೋಡಿದವರು ಪೊಲೀಸ್ ಕೇಸಿನ ಹೆದರಿಕೆ ಬಿಟ್ಟು ಎತ್ತಬೇಕು. ಆಮೇಲೆ ಸಣ್ಣ ಆಸ್ಪತ್ರೆ, ಅಲ್ಲಿಂದ ದೊಡ್ಡ ಆಸ್ಪತ್ರೆ. ಅಷ್ಟರಲ್ಲಿ ಎರಡನೇ ಏಟು ತನ್ನ ಕೆಲಸ ಅರ್ಧ ಮುಗಿಸಿರುತ್ತದೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಈ ಏಟಿನ ಗುರುತುಗಳನ್ನು ಮನುಷ್ಯರ ಮಿದುಳಿನಲ್ಲೇ ಕಂಡವರು. ಹಳೆಯ ಮಾನಸಿಕ ಆಸ್ಪತ್ರೆಯನ್ನೂ ತರಬೇತಿ ಸಂಸ್ಥೆಯನ್ನೂ ಒಂದುಗೂಡಿಸಿ 1974ರಲ್ಲಿ ನಿಮ್ಹಾನ್ಸ್ ಆಯಿತು. ರೋಗಶಾಸ್ತ್ರಜ್ಞ ಡಾ. ಎಸ್.ಕೆ. ಶಂಕರ್ ಅವರ ಮುಂದಾಳತ್ವದಲ್ಲಿ 1995ರಲ್ಲಿ ಅಲ್ಲಿ ಮಿದುಳು ಬ್ಯಾಂಕು ಶುರುವಾಯಿತು. ತೀರಿಕೊಂಡವರ ಮನೆಯವರು ಒಪ್ಪಿ ಕೊಟ್ಟ ಮಿದುಳುಗಳನ್ನು ಅಲ್ಲಿ ಸಂಶೋಧನೆಗೆ ಕಾಪಾಡುತ್ತಾರೆ. ಇಲಿ ಕೊಡಲಾಗದ ಪಾಠವನ್ನು ಆ ಮಿದುಳುಗಳು ಕೊಡುತ್ತವೆ. ಅವಕ್ಕಾಗಿ ದುಃಖದ ಹೊತ್ತಿನಲ್ಲೂ ಹೂಂ ಅಂದ ಮನೆಯವರದು ಸಣ್ಣ ದಾನವಲ್ಲ.

ಪರೀಕ್ಷೆ ಇಲ್ಲದ ನಂಬಿಕೆ ಕೊಂದದ್ದುಂಟು

"ಹೋಗ್ಲಿ ಬುಡಿ ಸ್ವಾಮಿ, ಇಲಿಗೆ ಹಿಡೀತಲ್ಲ, ಮನುಷ್ಯನಿಗೂ ಕೊಟ್ಟು ನೋಡಾನ, ಹೋಗೋದೇನು?" ಅನ್ನುವವರುಂಟು. ಹೋಗುವುದು ಪ್ರಾಣ. ತಲೆಪೆಟ್ಟಿನ ಊತ ಇಳಿಸಲು ಸ್ಟೆರಾಯ್ಡ್ ಇಂಜೆಕ್ಷನ್ ಕೊಡುವ ಪದ್ಧತಿ ಎಷ್ಟೋ ದೇಶಗಳಲ್ಲಿ 30 ವರ್ಷಕ್ಕೂ ಮೇಲೆ ನಡೆದಿತ್ತು. ಅದು ಪ್ರೋಟೀನ್ ಅಲ್ಲ. ಆದರೆ ಪಾಠ ಒಂದೇ. ಕೊನೆಗೆ 10,008 ಮಂದಿಯ ಮೇಲೆ ಸರಿಯಾದ ಪರೀಕ್ಷೆ ಮಾಡಿದರು. 2004ರಲ್ಲಿ ಬಂದ ಫಲಿತಾಂಶ ಬೆಚ್ಚಿಬೀಳಿಸುವಂಥದು: ಎರಡು ವಾರದಲ್ಲಿ ಸ್ಟೆರಾಯ್ಡ್ ಪಡೆದವರಲ್ಲಿ ಸತ್ತವರು ಶೇ. 21, ಪಡೆಯದವರಲ್ಲಿ ಶೇ. 18. ಒಳ್ಳೆಯದೆಂದು ಕೊಟ್ಟ ಮದ್ದೇ ಹೆಚ್ಚು ಜನರನ್ನು ಸಾಯಿಸಿತ್ತು.

ಹಂದಿಯ ಮಿದುಳಿನ ಪ್ರೋಟೀನನ್ನು ಒಡೆದು ಸಣ್ಣ ಚೂರು ಮಾಡಿ ತಯಾರಿಸುವ ಇಂಜೆಕ್ಷನ್ ಕೂಡ ಮಾರುಕಟ್ಟೆಯಲ್ಲಿದೆ. ಭಾರತದಲ್ಲೂ ಬಳಕೆಯಲ್ಲಿದೆ. ತಲೆಪೆಟ್ಟಿನಲ್ಲಿ ಅದರ ಬಗ್ಗೆ ನಡೆದಿರುವ ಪರೀಕ್ಷೆಗಳು ಚಿಕ್ಕವು. ಎರಡು ಮಾತಿಲ್ಲದ ಸಾಬೀತು ಆಗಿಲ್ಲ. ಆದ್ದರಿಂದ ದುಬಾರಿ ಇಂಜೆಕ್ಷನ್ನಿನ ಚೀಟಿ ಕೈಗೆ ಬಂದರೆ ಡಾಕ್ಟರನ್ನು ವಿನಯದಿಂದಲೇ ಕೇಳಬಹುದು: "ಸಾರ್, ಇದು ಮನುಷ್ಯರಲ್ಲಿ ಸಾಬೀತಾಗಿದೆಯಾ? ಕೊಡದಿದ್ದರೆ ಏನಾಗುತ್ತೆ?" ಕೇಳುವುದರಲ್ಲಿ ತಪ್ಪೇನಿಲ್ಲ. ಗದ್ದೆ ಮಾರುವವರಿಗೆ ಆ ಹಕ್ಕಿದೆ.

ಹಾಗಾದರೆ ಇಲಿಯನ್ನು ಸಾಯಿಸುವುದೇ ದಂಡ ಅಲ್ಲವೇ ಎಂಬ ಪ್ರಶ್ನೆಯೂ ಬರುತ್ತದೆ. ಚಿಕ್ಕಲ್ಲೂರು ಜಾತ್ರೆ ಬಂದಾಗಲೆಲ್ಲ ಪ್ರಾಣಿಬಲಿಯ ಮಾತು ಕೇಳುವ ಸೀಮೆ ಇದು. ಗುಡಿಯ ಮುಂದೆ ಬಲಿ ಕೂಡದು ಅನ್ನುವುದು ರಾಜ್ಯದ 1959ರ ಕಾನೂನು. ಪ್ರಾಣಿಹಿಂಸೆ ತಡೆಯುವ ಕೇಂದ್ರದ ಕಾನೂನು 1960ರದು. ಆ ಕಾನೂನು ಜೀವ ಉಳಿಸುವ ವಿದ್ಯೆಗಾಗಿ ಪ್ರಯೋಗಕ್ಕೆ ಅವಕಾಶ ಕೊಟ್ಟಿದೆ, ಕಾವಲನ್ನೂ ಇಟ್ಟಿದೆ. 1998ರ ನಿಯಮಗಳ ಪ್ರಕಾರ ಪ್ರಯೋಗಶಾಲೆ ನೋಂದಣಿ ಮಾಡಿಸಬೇಕು, ಸಮಿತಿಯ ಒಪ್ಪಿಗೆ ಪಡೆಯಬೇಕು, ನೋವಾಗುವ ಕಡೆ ಅರಿವಳಿಕೆ ಕೊಡಬೇಕು, ಬೇರೆ ದಾರಿ ಇದ್ದರೆ ಪ್ರಾಣಿಯನ್ನು ಮುಟ್ಟಬಾರದು. 2023ರಲ್ಲಿ ಕೇಂದ್ರ ಸರ್ಕಾರ ಔಷಧ ಪರೀಕ್ಷೆಯ ನಿಯಮ ತಿದ್ದಿ, ಪ್ರಾಣಿಗಳ ಬದಲು ಪ್ರಯೋಗಶಾಲೆಯಲ್ಲಿ ಬೆಳೆಸಿದ ಮನುಷ್ಯ ಜೀವಕೋಶಗಳಂಥ ವಿಧಾನಗಳಿಗೂ ದಾರಿ ತೆರೆದಿದೆ. ಪ್ರಯೋಗ ಪ್ರಾಮಾಣಿಕವಾಗಿದ್ದರೆ ಸೋತ ಮದ್ದೂ ಒಂದು ಪಾಠ ಕಲಿಸುತ್ತದೆ. ಅರೆಬರೆ ಮಾಡಿ ಗೆಲುವು ಸಾರಿದರೆ ಇಲಿಯೂ ದಂಡ, ನಂಬಿದವನೂ ದಂಡ.

ಈಗ ಕೈಯಲ್ಲಿರುವ ಮದ್ದು

ಪ್ರೋಟೀನ್ ಬರುವವರೆಗೆ ಸುಮ್ಮನೆ ಕೂರಬೇಕಾಗಿಲ್ಲ. ಮನುಷ್ಯರಲ್ಲೇ ಸಾಬೀತಾದ ಸಂಗತಿಗಳು ಕೆಲವಿವೆ.

ಒಂದು, ಹೊತ್ತು. ರಕ್ತಸ್ರಾವ ತಡೆಯುವ ಟ್ರನೆಕ್ಸಾಮಿಕ್ ಆಸಿಡ್ ಎಂಬ ಅಗ್ಗದ ಇಂಜೆಕ್ಷನ್ನನ್ನು 12,737 ತಲೆಪೆಟ್ಟಿನ ರೋಗಿಗಳಲ್ಲಿ ಪರೀಕ್ಷಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾಧಾರಣ ಮತ್ತು ಮಧ್ಯಮ ಪೆಟ್ಟಿನವರಿಗೆ 3 ಗಂಟೆಯೊಳಗೆ ಕೊಟ್ಟಾಗ ತಲೆಪೆಟ್ಟಿನಿಂದ ಸಾಯುವವರು ಕಮ್ಮಿಯಾದರು. ಪೆಟ್ಟು ಅತಿ ತೀವ್ರವಾಗಿದ್ದವರಲ್ಲಿ ಆ ಲಾಭ ಕಾಣಲಿಲ್ಲ. ಕೊಡಬೇಕೋ ಬೇಡವೋ ಅನ್ನುವುದು ಡಾಕ್ಟರ ತೀರ್ಮಾನ. ಅವರ ಮುಂದೆ ಬೇಗ ಮಲಗಿಸುವುದು ನಮ್ಮ ಜನರ ಕೆಲಸ.

ಎರಡು, ಎಚ್ಚರ. "ಕುಡಿದು ಬಿದ್ದವ್ನೆ, ಮಲಗ್ಸಿ, ಬೆಳಿಗ್ಗೆ ಸರಿಹೋಯ್ತನೆ" ಎಂಬ ಮಾತು ಪ್ರಾಣ ತೆಗೆಯುತ್ತದೆ. ಹೊರಗೆ ಗಾಯವೇ ಇಲ್ಲದೆ ಒಳಗೆ ರಕ್ತ ಕಟ್ಟಬಹುದು. ಎದ್ದು ಕೂತು ಮಾತಾಡಿದವನೇ ಕೆಲವು ಗಂಟೆಯಲ್ಲಿ ಪ್ರಜ್ಞೆ ತಪ್ಪಬಹುದು. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಿರುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ತೊದಲು, ಒಂದು ಕೈ ಸೋಲುವುದು, ಕಿವಿ ಮೂಗಿನಿಂದ ನೀರು ಅಥವಾ ರಕ್ತ, ಫಿಟ್ಸ್. ಇವುಗಳಲ್ಲಿ ಒಂದು ಕಂಡರೂ ಸ್ಕ್ಯಾನಿಂಗ್ ಇರುವ ಆಸ್ಪತ್ರೆಗೆ ನಡೆಯಬೇಕು. ಪ್ರಜ್ಞೆ ಇಲ್ಲದವನ ಬಾಯಿಗೆ ನೀರು ಹಾಕಬೇಡಿ, ಸೋಡಾ ಹಾಕಬೇಡಿ. ಕತ್ತು ಅಲ್ಲಾಡಿಸದೆ ಎತ್ತಿ. 108ಕ್ಕೆ ಫೋನ್ ಮಾಡಿ.

ಮೂರು, ಹೆದರಿಕೆ ಬಿಡಿ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರನ್ನು ಪೊಲೀಸರು ಸತಾಯಿಸುವಂತಿಲ್ಲ ಎಂಬ ಮಾರ್ಗಸೂಚಿಗೆ ಸುಪ್ರೀಂ ಕೋರ್ಟು 2016ರ ಮಾರ್ಚಿಯಲ್ಲೇ ಬಲ ಕೊಟ್ಟಿದೆ. 2019ರ ತಿದ್ದುಪಡಿಯಲ್ಲಿ ಅದು ಮೋಟಾರು ವಾಹನ ಕಾನೂನಿನೊಳಗೇ ಸೇರಿತು. ದುಡ್ಡಿನ ಚಿಂತೆಯೂ ತಡ ಮಾಡಬಾರದು: ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ 7 ದಿನದವರೆಗೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ ನಗದು ಕಟ್ಟದೆ ಚಿಕಿತ್ಸೆ ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಪ್ರಕಟಿಸಿತು. ಆಸ್ಪತ್ರೆ ಕೌಂಟರಿನಲ್ಲಿ ಅದರ ಹೆಸರೆತ್ತಿ ಕೇಳಿ.

ನಾಲ್ಕನೆಯದೇ ಮೊದಲನೆಯದು. ಎಲ್ಲ ಪ್ರೋಟೀನುಗಳೂ ಎರಡನೇ ಏಟಿನ ಹಿಂದೆ ಓಡುತ್ತಿವೆ. ಮೊದಲ ಏಟನ್ನು ಅಡ್ಡಗಟ್ಟುವುದು ಹೆಲ್ಮೆಟ್ ಒಂದೇ. ಜಗತ್ತಿನ 61 ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಮಾಡಿದ ಲೆಕ್ಕದಲ್ಲಿ, ಬೈಕು ಸವಾರರಿಗೆ ಹೆಲ್ಮೆಟ್ ಸಾವಿನ ಅಪಾಯವನ್ನು ಶೇ. 42, ತಲೆಪೆಟ್ಟಿನ ಅಪಾಯವನ್ನು ಶೇ. 69ರಷ್ಟು ಇಳಿಸುತ್ತದೆ. ಇಂಥ ಫಲ ತೋರಿಸಿದ ಒಂದೇ ಒಂದು ಮಿದುಳು ಇಂಜೆಕ್ಷನ್ ಇವತ್ತಿಗೂ ಇಲ್ಲ. ಆದರೂ 2022ರಲ್ಲಿ ಹೆಲ್ಮೆಟ್ ಇಲ್ಲದೆ ಭಾರತದಲ್ಲಿ ಸತ್ತವರು 50,029. ಅವರಲ್ಲಿ 14,337 ಮಂದಿ ಹಿಂದೆ ಕೂತವರು. ಹಿಂದಿನ ಸೀಟಿನವರಿಗೂ ಹೆಲ್ಮೆಟ್ ಕಡ್ಡಾಯ ಎಂದು ಕರ್ನಾಟಕ 2016ರ ಜನವರಿಯಲ್ಲೇ ಜಾರಿಗೆ ತಂದಿತು. ಜಾರಿ ಆದದ್ದು ಕಾಗದದ ಮೇಲೋ ರಸ್ತೆ ಮೇಲೋ ಅನ್ನುವುದನ್ನು ಸೋಮವಾರ ಬೆಟ್ಟದ ದಾರಿಯಲ್ಲಿ ನಿಂತು ಯಾರು ಬೇಕಾದರೂ ಎಣಿಸಬಹುದು.

ಹೆಲ್ಮೆಟ್ ಅಂದರೆ ಐ.ಎಸ್.ಐ. ಗುರುತಿನದು, ಕಿವಿ ಮುಚ್ಚುವಂಥದು, ಗಲ್ಲದ ಕೆಳಗೆ ಪಟ್ಟಿ ಬಿಗಿದದ್ದು. ಪಟ್ಟಿ ಹಾಕದ ಹೆಲ್ಮೆಟ್ ತಲೆಗಿಂತ ಮೊದಲೇ ರಸ್ತೆಗೆ ಹಾರುತ್ತದೆ. ಪೊಲೀಸರಿಗೆ ತೋರಿಸಲು ತಂದ ಪ್ಲಾಸ್ಟಿಕ್ ಬುಟ್ಟಿಗೆ ಪೊಲೀಸರು ಮೋಸ ಹೋದರೂ ರಸ್ತೆ ಮೋಸ ಹೋಗುವುದಿಲ್ಲ.

ಪ್ರಯೋಗಶಾಲೆಯವರು ತಮ್ಮ ಕೆಲಸ ಮುಂದುವರಿಸಲಿ. ಇವತ್ತಲ್ಲ ನಾಳೆ ಒಂದು ಪ್ರೋಟೀನ್ ಮನುಷ್ಯನ ಪರೀಕ್ಷೆಯಲ್ಲೂ ಗೆದ್ದೀತು. ಅದು ಕೊಳ್ಳೇಗಾಲಕ್ಕೆ ಬಂದು, ಹನೂರಿನ ರೋಗಿಗೆ, ಯಳಂದೂರಿನ ರೋಗಿಗೆ ಸಿಕ್ಕುವ ದಿನ ಬಂದರೂ ಆ ಮದ್ದಿಗೆ ಒಂದು ಷರತ್ತು ಇದ್ದೇ ಇರುತ್ತದೆ: ಉಳಿಸಿಕೊಳ್ಳಲು ಮಿದುಳು ಸ್ವಲ್ಪವಾದರೂ ಉಳಿದಿರಬೇಕು. ಅಷ್ಟನ್ನು ಉಳಿಸಿಡುವ ಜವಾಬ್ದಾರಿ ಮಾತ್ರ ಬೈಕಿನ ಕೀಲಿ ಹಿಡಿದವರದು.